ಹಳೇ ಓಮ್ನಿ ಕ್ಯಾಂಪರ್: ಪೆಟ್ರೋಲ್ ಖರ್ಚು ಇಳಿಸುವ ಹಂತ ಹಂತದ ದಾರಿ

ನಮ್ಮ ಮನೆಯ ಓಮ್ನಿ 1996ರದ್ದು. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸುವ ಭಾಗ) ಇರುವ ಗಾಡಿ, 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರ್. ಹಿಂದಿನ ಸೀಟು ಮಡಚಿ ಮೇಲೆ ಎರಡು ಪ್ಲೈವುಡ್ ಹಲಗೆ ಹಾಸಿದರೆ ಅದೇ ನಮ್ಮ ಮಂಚ. ಹಿಂದಿನ ಬಾಗಿಲು ಮೇಲೆತ್ತಿದರೆ ಅದೇ ಅಡುಗೆಮನೆಯ ಚಾವಣಿ. ರಾಜಾಜಿನಗರದಿಂದ ಹೊರಟು ಸಕಲೇಶಪುರ, ಬೇಲೂರು, ಶಿವನಸಮುದ್ರ ಎಲ್ಲ ಇದರಲ್ಲೇ ಸುತ್ತಿದ್ದೇವೆ.

ಮೊದಲ ವರ್ಷ ಇದು ಕೊಟ್ಟದ್ದು ಲೀಟರಿಗೆ 11 ಕಿ.ಮೀ. ಈಗ 15ರ ಹತ್ತಿರ ಕೊಡುತ್ತದೆ. ಬೆಂಗಳೂರಿನ ಪೆಟ್ರೋಲ್ ಬೆಲೆ 103 ರೂಪಾಯಿ ಎಂದು ಹಿಡಿದರೆ, ಕಿಲೋಮೀಟರಿಗೆ 9 ರೂಪಾಯಿ 36 ಪೈಸೆ ಇದ್ದದ್ದು 6 ರೂಪಾಯಿ 87 ಪೈಸೆಗೆ ಇಳಿದಿದೆ. 500 ಕಿ.ಮೀ. ಪ್ರವಾಸಕ್ಕೆ ಸುಮಾರು 1,250 ರೂಪಾಯಿ ಉಳಿಯಿತು. ಇದಕ್ಕೆ ಇಂಜಿನ್ ಬಿಚ್ಚಲಿಲ್ಲ, ದುಬಾರಿ ಪಾರ್ಟು ಹಾಕಿಸಲಿಲ್ಲ. ಒಂದೊಂದೇ ಕೆಲಸ ಮಾಡಿ, ಪ್ರತಿ ಸಲ ಅಳೆದು ನೋಡಿದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ನಿಮ್ಮದು ಹಳೇ ಫೋಕ್ಸ್‌ವ್ಯಾಗನ್ ಕೋಂಬಿ ವ್ಯಾನ್ ಆಗಿದ್ದರೂ ಹೆಚ್ಚಿನದೆಲ್ಲ ಅನ್ವಯಿಸುತ್ತದೆ. ಅಂಕಿಗಳು ಮಾತ್ರ ಬೇರೆ.

ಹಂತ 1: ಮೊದಲು ಅಳೆಯಿರಿ

ಪೆಟ್ರೋಲ್ ಮುಳ್ಳು ನೋಡಿ ಮೈಲೇಜ್ ಹೇಳುವುದನ್ನು ಬಿಡಿ. ಹಳೇ ಗಾಡಿಯ ಮುಳ್ಳು ಏರಿನಲ್ಲಿ ಒಂದು ಹೇಳುತ್ತದೆ, ಇಳಿಜಾರಿನಲ್ಲಿ ಇನ್ನೊಂದು. ಒಂದು ಬಂಕ್ ಗೊತ್ತು ಮಾಡಿಕೊಳ್ಳಿ. ಅಲ್ಲಿ ನೆಲ ಸಮತಟ್ಟಾಗಿರಲಿ. ನಳಿಕೆ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್ ಮಾಡಿಸಿ, ಅಲ್ಲಿಗೆ ನಿಲ್ಲಿಸಿ. ರೌಂಡ್ ಫಿಗರ್ ಆಗಲಿ ಅಂತ ಮತ್ತೆ ತುಂಬಿಸಬೇಡಿ. ಓಡೋಮೀಟರ್ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅದೇ ಬಂಕ್, ಅದೇ ರೀತಿ ಫುಲ್. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. 402 ಕಿ.ಮೀ. ಓಡಿ 33.1 ಲೀಟರ್ ಹಿಡಿದರೆ 12.1.

ಒಂದು ಟ್ಯಾಂಕಿನ ಲೆಕ್ಕ ನಂಬಬೇಡಿ. ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ. ಊರೊಳಗಿನ ಓಡಾಟ ಎಷ್ಟು, ಹೆದ್ದಾರಿ ಎಷ್ಟು ಅಂತಲೂ ಪಕ್ಕದಲ್ಲಿ ಬರೆಯಿರಿ. ಆಮೇಲೆ ಓಡೋಮೀಟರನ್ನೇ ಒಮ್ಮೆ ಪರೀಕ್ಷೆ ಮಾಡಿ. ಹೆದ್ದಾರಿಯ ಹತ್ತು ಕಿಲೋಮೀಟರ್ ಕಲ್ಲುಗಳ ನಡುವೆ ಅದು ಎಷ್ಟು ತೋರಿಸುತ್ತದೆ ನೋಡಿ. ಯಾರೋ ಹಿಂದೆ ಬೇರೆ ಸೈಜಿನ ಟೈರ್ ಹಾಕಿಸಿದ್ದರೆ ಲೆಕ್ಕ ಎಲ್ಲ ತಪ್ಪಾಗಿರುತ್ತದೆ.

ಇಷ್ಟಾದ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ದಿನ ಪ್ಲಗ್, ಗಾಳಿ, ಕಾರ್ಬೊರೇಟರ್ ಎಲ್ಲ ಮಾಡಿಸಿದರೆ ಯಾವುದರಿಂದ ಎಷ್ಟು ಬಂತು ಅಂತ ಗೊತ್ತಾಗುವುದೇ ಇಲ್ಲ.

ಹಂತ 2: ಗಾಡಿಯ ಆರೋಗ್ಯ

ನಮಗೆ ಅತಿ ಹೆಚ್ಚು ಲಾಭ ಸಿಕ್ಕಿದ್ದು ಇಲ್ಲೇ. ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ.

ಟೈರ್ ಗಾಳಿ. ಬೆಳಗ್ಗೆ, ಗಾಡಿ ಓಡಿಸುವ ಮುಂಚೆ, ತಣ್ಣಗಿದ್ದಾಗಲೇ ನೋಡಬೇಕು. ಬಂಕಿಗೆ ಐದಾರು ಕಿಲೋಮೀಟರ್ ಓಡಿಸಿಕೊಂಡು ಹೋದರೆ ಟೈರ್ ಬಿಸಿಯಾಗಿ ಅಳತೆ ಜಾಸ್ತಿ ತೋರಿಸುತ್ತದೆ. ಚಿಕ್ಕದೊಂದು ಗೇಜ್ ಮನೆಯಲ್ಲೇ ಇಟ್ಟುಕೊಳ್ಳಿ. ಓಮ್ನಿಗೆ 12 ಇಂಚಿನ ಪುಟ್ಟ ಚಕ್ರ, ಅದಕ್ಕೆ ಗಾಳಿ ಕಡಿಮೆಯಾದರೆ ಎಳೆತ ಬೇಗ ಗೊತ್ತಾಗುತ್ತದೆ. ಎಷ್ಟಿರಬೇಕು ಅನ್ನುವುದಕ್ಕೆ ಕಂಪನಿಯ ಪುಸ್ತಕವೇ ಪ್ರಮಾಣ. ಅದರಲ್ಲಿ ಖಾಲಿ ಗಾಡಿಗೆ ಬೇರೆ, ತುಂಬಿದ ಗಾಡಿಗೆ ಬೇರೆ ಅಳತೆ ಕೊಟ್ಟಿದ್ದರೆ ಕ್ಯಾಂಪಿಂಗ್ ಹೊರಟಾಗ ತುಂಬಿದ ಗಾಡಿಯದ್ದನ್ನೇ ಇಡಿ.

ಬ್ರೇಕ್ ಹಿಡಿದುಕೊಂಡಿದೆಯಾ? ಸಮತಟ್ಟಾದ ಖಾಲಿ ರಸ್ತೆಯಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡಿ ಒಬ್ಬರೇ ಕೈಯಲ್ಲಿ ತಳ್ಳಿ ನೋಡಿ. ಓಮ್ನಿ ಹಗುರ ಗಾಡಿ, ಒಬ್ಬರಿಗೆ ಜರುಗಬೇಕು. ಜರುಗದಿದ್ದರೆ ಅನುಮಾನಪಡಿ. ಇನ್ನೊಂದು ಪರೀಕ್ಷೆ ಇದೆ. ಬ್ರೇಕ್ ಜಾಸ್ತಿ ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ತನ್ನಿ. ತಕ್ಷಣ ಮುಟ್ಟಬೇಡಿ, ಸುಡಬಹುದು. ಮೂರು ಬೆಚ್ಚಗಿದ್ದು ಒಂದು ಕಾದ ಹೆಂಚಿನ ಹಾಗಿದ್ದರೆ ಅಲ್ಲಿ ಬ್ರೇಕ್ ಶೂ ಬಿಡುತ್ತಿಲ್ಲ ಎಂದೇ ಅರ್ಥ. ನಮ್ಮ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಬಲ ಹಿಂದಿನ ಚಕ್ರವನ್ನು ಸದಾ ಸ್ವಲ್ಪ ಹಿಡಿದುಕೊಂಡೇ ಇತ್ತು. ಕೇಬಲ್ ಬದಲಾಯಿಸಿದ್ದಕ್ಕೆ ಒಂದು ಕಿಲೋಮೀಟರಿನ ಹತ್ತಿರ ಮೈಲೇಜ್ ಬಂತು.

ಏರ್ ಫಿಲ್ಟರ್. ಬೆಂಗಳೂರಿನ ಧೂಳಿಗೆ, ಅದರಲ್ಲೂ ಮೆಟ್ರೋ ಕೆಲಸ ನಡೆಯುವ ರಸ್ತೆಯ ಧೂಳಿಗೆ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ. ಕಾರ್ಬೊರೇಟರ್ ಗಾಡಿಗೆ ಗಾಳಿ ಕಡಿಮೆಯಾದರೆ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಬಿಸಿಲಿಗೆ ಹಿಡಿದು ನೋಡಿ. ಬೆಳಕು ದಾಟದಿದ್ದರೆ ಹೊಸದು ಹಾಕಿ. ಜೆ.ಸಿ. ರಸ್ತೆಯಲ್ಲಿ ಓಮ್ನಿಗೆ ಇವತ್ತಿಗೂ ಎಲ್ಲ ಸಿಗುತ್ತದೆ.

ಇನ್ನು ಪ್ಲಗ್. ಇದನ್ನು ನೀವೇ ಬಿಚ್ಚಲು ಕಲಿಯಿರಿ, ಯಾಕೆಂದರೆ ಗಾಡಿ ತನ್ನ ಒಳಗಿನ ಕಥೆಯನ್ನೆಲ್ಲ ಇಲ್ಲೇ ಬರೆದಿಟ್ಟಿರುತ್ತದೆ. ಓಮ್ನಿಯಲ್ಲಿ ಇಂಜಿನ್ ಮುಂದಿನ ಸೀಟಿನ ಕೆಳಗಿದೆ, ಸೀಟು ಎತ್ತಿದರೆ ಸಾಕು. ಹೆದ್ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಇಂಜಿನ್ ಆರಿದ ಮೇಲೆ ಮೂರೂ ಪ್ಲಗ್ ಬಿಚ್ಚಿ ಒಂದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಪಿಂಗಾಣಿಯ ತುದಿ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ಚೆನ್ನಾಗಿದೆ. ಕಾಡಿಗೆಯ ಹಾಗೆ ಒಣ ಮಸಿ ಕೂತಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಒದ್ದೆ ಎಣ್ಣೆ ಇದ್ದರೆ ಇಂಜಿನ್ ಆಯಿಲ್ ಮೇಲೆ ಬರುತ್ತಿದೆ, ಅದಕ್ಕೆ ಟ್ಯೂನಿಂಗ್ ಮದ್ದಲ್ಲ. ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಂಜಿನ್ ಕಾಯುತ್ತಿದೆ. ಮೂರರಲ್ಲಿ ಒಂದು ಮಾತ್ರ ಬೇರೆ ಬಣ್ಣಕ್ಕಿದ್ದರೆ ತೊಂದರೆ ಆ ಒಂದು ಸಿಲಿಂಡರಿನದ್ದು: ಪ್ಲಗ್, ಅದರ ವೈರ್, ಇಲ್ಲವೇ ವಾಲ್ವ್. ನಮ್ಮ ಗಾಡಿಯಲ್ಲಿ ಮೂರೂ ಕಪ್ಪಗಿದ್ದವು.

ಕಾರಣ ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಮೊದಲು ಹೋದ ಒಂದು ಗ್ಯಾರೇಜಿನಲ್ಲಿ ಇಂಜಿನ್ ಬಿಸಿಯಾಗದಿರಲಿ ಅಂತ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್) ತೆಗೆದು ಹಾಕಿದ್ದರು. ‘ನಮ್ಮ ಊರಿಗೆ ಇದು ಬೇಡ ಸಾರ್’ ಎಂದಿದ್ದರು. ನಾನೂ ಹೂಂ ಅಂದಿದ್ದೆ. ಅದು ದೊಡ್ಡ ತಪ್ಪು. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಸರಿಯಾದ ಬಿಸಿಗೆ ಬರಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಜನವರಿಯ ಬೆಳಗಿನ ಚಳಿಯಲ್ಲಿ ನೆಲಮಂಗಲ ದಾಟಿದರೂ ಟೆಂಪರೇಚರ್ ಮುಳ್ಳು ಕೆಳಗೇ ಇತ್ತು. ತಣ್ಣಗಿನ ಇಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅರೆಬರೆ ಉರಿದು ಮಸಿಯಾಗುತ್ತದೆ. ಆಯಿಲ್ ಕೂಡ ಗಟ್ಟಿಯಾಗಿಯೇ ಇದ್ದು ಎಳೆತ ಹೆಚ್ಚಾಗುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿಸಿ, ರೇಡಿಯೇಟರ್ ತೊಳೆಸಿ, ಸರಿಯಾದ ಕೂಲೆಂಟ್ ತುಂಬಿಸಿದ ಮೇಲೆ ಮುಳ್ಳು ಮಧ್ಯಕ್ಕೆ ಬಂತು. ಪ್ಲಗ್ ಬಣ್ಣ ಒಂದೇ ಟ್ಯಾಂಕಿನಲ್ಲಿ ತಿಳಿಯಾಯಿತು. ನಿಮ್ಮ ಗಾಡಿಯಲ್ಲಿ ಥರ್ಮೋಸ್ಟಾಟ್ ಇದೆಯಾ ಅಂತ ಇವತ್ತೇ ಕೇಳಿ. ಎಷ್ಟೋ ಹಳೇ ಗಾಡಿಗಳಲ್ಲಿ ಅದನ್ನು ತೆಗೆದುಬಿಟ್ಟಿರುತ್ತಾರೆ.

ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಪಾಯಿಂಟ್ ಇರುವ ಹಳೇದಾಗಿದ್ದರೆ ಪಾಯಿಂಟಿನ ಗ್ಯಾಪ್, ಟೈಮಿಂಗ್ (ಕಿಡಿ ಹೊತ್ತುವ ಸಮಯ) ಎರಡನ್ನೂ ಒಟ್ಟಿಗೆ ಮಾಡಿಸಿ. ಗ್ಯಾಪ್ ಬದಲಾದರೆ ಟೈಮಿಂಗ್ ತಾನೂ ಬದಲಾಗುತ್ತದೆ. ಟೈಮಿಂಗ್ ಲೈಟ್ ಇಟ್ಟುಕೊಂಡ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು) ಕೂಡ ಮರೆಯಬೇಡಿ. ಕೋಂಬಿಯವರಿಗಂತೂ ಇದು ಬಹಳ ಮುಖ್ಯ. ಆ ಏರ್‌ಕೂಲ್ಡ್ ಇಂಜಿನ್‌ಗೆ ಕ್ಲಿಯರೆನ್ಸ್ ಅನ್ನು ಪೂರ್ತಿ ತಣ್ಣಗಿದ್ದಾಗಲೇ ನೋಡಬೇಕು.

ಕಾರ್ಬೊರೇಟರ್‌ಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಇಲ್ಲಿ ಎಮಿಷನ್ ಟೆಸ್ಟ್ ಸರ್ಟಿಫಿಕೇಟ್ ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಬಹಳ ಜನ ಅದನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟು ಅಂತ ಬರೆದಿರುತ್ತದೆ. ಭಾರತ್ ಸ್ಟೇಜ್ 2 ಹೊಗೆ ನಿಯಮಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಮಿತಿ ಶೇ. 3. ನಿಮ್ಮದು 2.8 ಬಂದರೆ ಪಾಸ್ ಆಗುತ್ತದೆ, ಆದರೆ ಅರ್ಧ ಉರಿದ ಪೆಟ್ರೋಲ್ ಹೊಗೆಯಾಗಿ ಹೊರಗೆ ಹೋಗುತ್ತಿದೆ ಅನ್ನುವುದೂ ಅದರಲ್ಲೇ ಇದೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಟೆಸ್ಟ್ ಮಾಡಿಸಿ. ಐಡ್ಲಿಂಗ್ ಮಿಕ್ಸ್ಚರ್ (ಗಾಡಿ ನಿಂತಿದ್ದು ಇಂಜಿನ್ ಓಡುವಾಗಿನ ಪೆಟ್ರೋಲ್-ಗಾಳಿ ಮಿಶ್ರಣ) ಸರಿ ಮಾಡಿಸಿದ ಮೇಲೆ ಇನ್ನೊಮ್ಮೆ ಮಾಡಿಸಿ, ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ಚೋಕ್ ಆಮೇಲೆ ಪೂರ್ತಿ ತೆರೆಯುತ್ತಿದೆಯಾ ಅನ್ನುವುದನ್ನೂ ನೋಡಿಸಿ. ಕೇಬಲ್ ಬಿಗಿಯಾಗಿ ಚೋಕ್ ಅರ್ಧ ಮುಚ್ಚಿಕೊಂಡೇ ಓಡುವ ಓಮ್ನಿಗಳನ್ನು ನಾನು ಎರಡು ಸಲ ನೋಡಿದ್ದೇನೆ.

ಹಂತ 3: ಇ20 ಪೆಟ್ರೋಲ್ ಮತ್ತು ನಮ್ಮ ಊರಿನ ಎತ್ತರ

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್‌ನಲ್ಲಿ ಪೆಟ್ರೋಲ್‌ನ ಮೂರನೇ ಎರಡು ಪಾಲು ಶಕ್ತಿ ಮಾತ್ರ. ಹಾಗಾಗಿ ಲೀಟರಿಗೆ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆ. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ತಿಳಿದು ಹೊಂದಿಸಿಕೊಳ್ಳುತ್ತದೆ. ಕಾರ್ಬೊರೇಟರ್‌ಗೆ ಗೊತ್ತಾಗುವುದಿಲ್ಲ, ಜೆಟ್ ರಂಧ್ರ ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಯ ಪಾಲು ಹೆಚ್ಚುತ್ತದೆ.

ಆದರೆ ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿ ತೆಳು, ಅದರಿಂದ ಕಾರ್ಬೊರೇಟರ್ ಮಿಶ್ರಣ ಸ್ವಲ್ಪ ಗಟ್ಟಿಯಾಗುತ್ತದೆ. ಒಂದು ಇನ್ನೊಂದನ್ನು ಅರ್ಧಕ್ಕರ್ಧ ಸರಿದೂಗಿಸುತ್ತದೆ. ಹಾಗಾಗಿ ಇಲ್ಲಿ ಚೆನ್ನಾಗಿ ಓಡುವ ಗಾಡಿ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದಾಗ ಎಳೆಯಲು ತಡವರಿಸಬಹುದು, ಬಿಸಿಯಾಗಬಹುದು. ಕರಾವಳಿಗೆ ಹೋಗುವವರು ಇಲ್ಲಿ ಮಿಕ್ಸ್ಚರನ್ನು ತೀರಾ ತೆಳು ಮಾಡಿಸಬೇಡಿ. ಅರ್ಧ ಕಿಲೋಮೀಟರ್ ಮೈಲೇಜಿನ ಆಸೆಗೆ ವಾಲ್ವ್ ಸುಟ್ಟುಕೊಂಡರೆ ವರ್ಷದ ಉಳಿತಾಯ ಹೋಗುತ್ತದೆ.

ಮೈಲೇಜಿಗಿಂತ ಮುಖ್ಯವಾದದ್ದು ಪೈಪು. ಹಳೇ ರಬ್ಬರ್ ಪೈಪುಗಳನ್ನು ಎಥನಾಲ್ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ನಮ್ಮ ಗಾಡಿಯಲ್ಲಿ ಇಂಜಿನ್ ಮೇಲೇ ನಾವು ಕೂರುತ್ತೇವೆ, ಹಿಂದೆ ಮಲಗುತ್ತೇವೆ. ಪೆಟ್ರೋಲ್ ವಾಸನೆ ಬಂದರೆ ಅದು ಖರ್ಚಿನ ವಿಷಯ ಅಲ್ಲ, ಪ್ರಾಣದ ವಿಷಯ. ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಎಲ್ಲ ರಬ್ಬರ್ ಪೈಪುಗಳನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ, ಕ್ಲಿಪ್ಪುಗಳನ್ನೂ ಹೊಸದು ಹಾಕಿಸಿ. ಮಳೆಗಾಲದಲ್ಲಿ ಗಾಡಿಯನ್ನು ವಾರಗಟ್ಟಲೆ ಖಾಲಿ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ಎಥನಾಲ್ ತೇವ ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದರೆ ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ.

ಹಂತ 4: ಭಾರ

ಓಮ್ನಿಯದ್ದು 800 ಕಿಲೋ ಒಳಗಿನ ಮೈ. ಅದರ ಮೇಲೆ 100 ಕಿಲೋ ಹೇರಿದರೆ ಎಂಟನೇ ಒಂದು ಭಾಗ ಜಾಸ್ತಿಯಾದ ಹಾಗೆ. ಒಮ್ಮೆ ಎಲ್ಲ ಸಾಮಾನು ಇಳಿಸಿ ಮನೆಯ ತೂಕದ ಯಂತ್ರದ ಮೇಲೆ ಒಂದೊಂದಾಗಿ ಇಟ್ಟು ನೋಡಿ. ನಮ್ಮ ಹಳೇ ಕಬ್ಬಿಣದ ಮಂಚದ ಫ್ರೇಮ್ ಒಂದೇ 31 ಕಿಲೋ ಇತ್ತು. 20 ಲೀಟರಿನ ನೀರಿನ ಕ್ಯಾನ್ ಅಂದರೆ 20 ಕಿಲೋ. ಎರಡು ಒಯ್ಯುತ್ತಿದ್ದೆವು. ಈಗ ಒಂದೇ, ದಾರಿಯಲ್ಲಿ ತುಂಬಿಸಿಕೊಳ್ಳುತ್ತೇವೆ.

ಛಾವಣಿಯ ಕ್ಯಾರಿಯರ್ ಬೇಡದಿದ್ದಾಗ ಬಿಚ್ಚಿಡಿ. ಮೊದಲೇ ಡಬ್ಬಿಯ ಆಕಾರದ ಗಾಡಿ, ಅದರ ಮೇಲೆ ಟಾರ್ಪಾಲು ಕಟ್ಟಿದ ಗಂಟು ಬೇರೆ ಇದ್ದರೆ ಗಾಳಿಯ ಎದುರು ಸುಮ್ನೆ ಹೋರಾಡಬೇಕಾಗುತ್ತದೆ. ಮಂಚ, ಕಪಾಟು ಎಲ್ಲ ತೆಗೆದಿಡುವಂತೆಯೇ ಇರಲಿ. ಗಾಡಿಯ ಮೂಲ ರಚನೆ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಚ್ಚುವಂಥ ಹಲಗೆ ಹಗುರವೂ ಹೌದು, ಆರ್‌ಟಿಒ ತಕರಾರೂ ಇಲ್ಲ.

ಹಂತ 5: ಊರು ದಾಟುವ ಹೊತ್ತು

ಬೆಂಗಳೂರಿನವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ನಮ್ಮ ಪೆಟ್ರೋಲ್ ಹೆದ್ದಾರಿಯಲ್ಲಿ ಹೋಗುತ್ತಿಲ್ಲ, ಹೆದ್ದಾರಿ ಸೇರುವ ಮುಂಚೆಯೇ ಹೋಗುತ್ತಿದೆ. ನಮ್ಮ ಗಾಡಿ ಊರೊಳಗೆ 10 ಕೊಟ್ಟರೆ ಹೊರಗೆ 16 ಕೊಡುತ್ತದೆ. ಶನಿವಾರ ಬೆಳಗ್ಗೆ ಏಳಕ್ಕೆ ಹೊರಟರೆ ಗೊರಗುಂಟೆಪಾಳ್ಯ ದಾಟುವುದೇ ಒಂದು ಪ್ರಯಾಣ. ಮೊದಲ ಗೇರ್, ಹಾಫ್ ಕ್ಲಚ್, ಮತ್ತೆ ಬ್ರೇಕ್. ನಿಂತು ಗುರ್ ಅನ್ನುವ ಪುಟ್ಟ ಇಂಜಿನ್ ಕೂಡ ಗಂಟೆಗೆ ಅರ್ಧ ಲೀಟರಿಗೂ ಜಾಸ್ತಿ ಕುಡಿಯುತ್ತದೆ.

ನಾವು ನಾಲ್ಕೂವರೆಗೆ ಹೊರಡುತ್ತೇವೆ. ಹಿಂದಿನ ರಾತ್ರಿಯೇ ಎಲ್ಲ ತುಂಬಿ, ಫ್ಲಾಸ್ಕಿಗೆ ಕಾಫಿ ಹಾಕಿ ಮಲಗುವುದು. ಐದೂಕಾಲಿಗೆಲ್ಲ ನೆಲಮಂಗಲ. ವಾಪಸ್ ಬರುವಾಗಲೂ ಇದೇ ಲೆಕ್ಕ. ಭಾನುವಾರ ಸಂಜೆ ಊರೊಳಗೆ ನುಗ್ಗಬೇಡಿ. ಗಾಡಿಯಲ್ಲೇ ಮಲಗುವ ಸೌಲಭ್ಯ ಇರುವವರು ಭಾನುವಾರ ರಾತ್ರಿ ಊರಾಚೆ ಮಲಗಿ ಸೋಮವಾರ ನಸುಕಿನಲ್ಲಿ ಒಳಗೆ ಬನ್ನಿ. ಹೋಟೆಲಿನಲ್ಲಿ ಉಳಿಯುವವರಿಗೆ ಈ ಅನುಕೂಲ ಇಲ್ಲ, ಅಲ್ವಾ?

ಸಿಗ್ನಲ್‌ನಲ್ಲಿ ಸೆಕೆಂಡ್ ಕಾಣುತ್ತಿದ್ದು, ನಿಮಿಷದ ಹತ್ತಿರ ಇದ್ದರೆ ಆಫ್ ಮಾಡಿ. ಬ್ಯಾಟರಿ, ಸ್ಟಾರ್ಟರ್ ಚೆನ್ನಾಗಿದ್ದರೆ ಮಾತ್ರ ಈ ಅಭ್ಯಾಸ ಇಟ್ಟುಕೊಳ್ಳಿ. ಮುಂದೆ ಕೆಂಪು ದೀಪ ಕಂಡ ತಕ್ಷಣ ಆಕ್ಸಿಲರೇಟರ್ ಬಿಡಿ. ಕೊನೆಯವರೆಗೆ ಒತ್ತಿಕೊಂಡು ಹೋಗಿ ಬ್ರೇಕ್ ಹಾಕಿದರೆ ಅಷ್ಟು ಪೆಟ್ರೋಲ್ ಬ್ರೇಕ್ ಶೂನಲ್ಲಿ ಬಿಸಿಯಾಗಿ ಹೋಗುತ್ತದೆ.

ಹಂತ 6: ಹೆದ್ದಾರಿಯಲ್ಲಿ 60

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 60ರ ಬದಲು 80ರಲ್ಲಿ ಹೋದರೆ ಗಾಳಿ ತಡೆಯುವ ಬಲ ಹೆಚ್ಚೂಕಡಿಮೆ 1.8 ಪಟ್ಟು. ನಾಲ್ಕು ಗೇರಿನ ಓಮ್ನಿಗೆ 50ರಿಂದ 60 ಹಿತವಾದ ವೇಗ. ಸಕಲೇಶಪುರಕ್ಕೆ ನಮಗೆ ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎಲ್ಲರೂ 100ರಲ್ಲಿ ಹೋಗುವಾಗ 60ರಲ್ಲಿ ಹೋಗುವುದು ನೆಮ್ಮದಿಯಲ್ಲ. ದೊಡ್ಡ ಬಸ್ಸು ಪಕ್ಕದಲ್ಲಿ ಹಾದರೆ ಗಾಡಿ ಓಲಾಡುತ್ತದೆ. ನಾವು ಕನಕಪುರ, ಮಳವಳ್ಳಿ ದಾರಿ ಹಿಡಿಯುತ್ತೇವೆ. ಎಕ್ಸ್‌ಪ್ರೆಸ್‌ವೇ ಟೋಲ್ ಖರ್ಚೂ ಉಳಿಯುತ್ತದೆ.

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವ ಅಭ್ಯಾಸ ತುಂಬಾ ಜನರಿಗಿದೆ. ದಯವಿಟ್ಟು ಬೇಡ. ಉಳಿಯುವುದು ಒಂದು ಟೀ ದುಡ್ಡು. ಬ್ರೇಕ್ ಕಾದು ಹಿಡಿಯದೆ ಹೋದರೆ ಏನಾಗುತ್ತದೆ ಅಂತ ಯೋಚಿಸಿ. ಎರಡನೇ ಗೇರಿನಲ್ಲೇ ಇಳಿಯಿರಿ.

ಹಂತ 7: ಎಲ್ಲಿ ತುಂಬಿಸಬೇಕು, ಏನು ಕೊಳ್ಳಬಾರದು

ಆಂಧ್ರ, ಕೇರಳದಲ್ಲಿ ಪೆಟ್ರೋಲ್ ನಮಗಿಂತ ದುಬಾರಿ. ಲೇಪಾಕ್ಷಿಗೆ ಹೊರಟರೆ ಗಡಿ ದಾಟುವ ಮುಂಚೆ ಬಾಗೇಪಲ್ಲಿಯಲ್ಲಿ, ವಯನಾಡಿಗೆ ಹೊರಟರೆ ಗುಂಡ್ಲುಪೇಟೆಯಲ್ಲಿ ತುಂಬಿಸಿಕೊಳ್ಳಿ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ತಡವಾಗಿ ಹೋಗಿ ವಾಪಸ್ ಬಂದರೆ ಅದೂ ದಂಡ. ಹೊಸೂರಿನಲ್ಲಿ ಲೀಟರಿಗೆ ಒಂದೂವರೆ ರೂಪಾಯಿ ಉಳಿದರೂ 35 ಲೀಟರಿಗೆ 50 ರೂಪಾಯಿ ಚಿಲ್ಲರೆ. ಹೋಗಿ ಬರುವ 80 ಕಿಲೋಮೀಟರಿಗೆ 550ರ ಹತ್ತಿರ. ಅದಕ್ಕಾಗಿಯೇ ಹೋಗಬೇಡಿ.

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಯಾವುದೂ ಬೇಡ. ಹೆಚ್ಚು ಆಕ್ಟೇನ್‌ನ ದುಬಾರಿ ಪೆಟ್ರೋಲ್‌ನಿಂದಲೂ ಈ ಇಂಜಿನ್‌ಗೆ ಮೈಲೇಜ್ ಬರುವುದಿಲ್ಲ. ಸಿಎನ್‌ಜಿ ಕಿಟ್ ವಿಷಯ ಬೇರೆ. ದಿನವೂ ಓಡಿಸುವವರಿಗೆ ಲಾಭವಿದೆ. ಆದರೆ ಸಿಲಿಂಡರ್ ನಿಮ್ಮ ಮಂಚದ ಜಾಗ ತಿನ್ನುತ್ತದೆ, ಆರ್‌ಸಿಯಲ್ಲಿ ನಮೂದಾಗಬೇಕು, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಆಗಬೇಕು. ತಿಂಗಳಿಗೊಮ್ಮೆ ಹೊರಡುವ ಕ್ಯಾಂಪರ್‌ಗೆ ನಾನು ಹಾಕಿಸುವುದಿಲ್ಲ. ಅಡುಗೆ ಸಿಲಿಂಡರಿನ ಗ್ಯಾಸಿನಲ್ಲಿ ಓಡಿಸುವ ಮಾತನ್ನಂತೂ ಯಾರು ಹೇಳಿದರೂ ಕೇಳಬೇಡಿ. ಅದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ.

ಹಂತ 8: ರಾತ್ರಿಗೆ ಎಷ್ಟು ಕಿಲೋಮೀಟರ್

ಕ್ಯಾಂಪರ್ ಅಂದರೆ ಗಾಡಿಯೂ ಹೌದು, ಮನೆಯೂ ಹೌದು. ಮನೆ ಅಂದುಕೊಂಡ ಮೇಲೆ ಲೀಟರಿಗೆ ಎಷ್ಟು ಅನ್ನುವುದರ ಜೊತೆಗೆ ರಾತ್ರಿಗೆ ಎಷ್ಟು ಅಂತಲೂ ನೋಡಬೇಕು. ಸಕಲೇಶಪುರ ಹೋಗಿ ಬಂದು, ಅಲ್ಲಿ ಸ್ವಲ್ಪ ಸುತ್ತಿದರೆ 500 ಕಿ.ಮೀ. ಎರಡು ರಾತ್ರಿ ಉಳಿದರೆ ರಾತ್ರಿಗೆ 250. ನಾಲ್ಕು ರಾತ್ರಿ ಉಳಿದರೆ 125. ಯಾವ ಟ್ಯೂನಿಂಗೂ ಮೈಲೇಜನ್ನು ಎರಡು ಪಟ್ಟು ಮಾಡುವುದಿಲ್ಲ. ಇದು ರಾತ್ರಿಯ ಪೆಟ್ರೋಲ್ ಖರ್ಚನ್ನು ಅರ್ಧಕ್ಕೆ ಇಳಿಸುತ್ತದೆ. ನಾವು ತಿಂಗಳಿಗೆರಡು ಚಿಕ್ಕ ಪ್ರವಾಸ ಬಿಟ್ಟು, ಎರಡು ತಿಂಗಳಿಗೊಂದು ನಿಧಾನದ ಪ್ರವಾಸ ಮಾಡುತ್ತೇವೆ. ನಡುವೆ ಮನಸ್ಸು ತಡೆಯದಿದ್ದರೆ ಶಿವಗಂಗೆ, ದೇವರಾಯನದುರ್ಗ ಇವೆ. ಮಲಗುವ ಜಾಗಕ್ಕೆ ಕೇಳಿಯೇ ನಿಲ್ಲಿಸಿ: ಲಾರಿಗಳು ನಿಲ್ಲುವ ದೊಡ್ಡ ಬಂಕಿನ ಅಂಗಳ, ಪರಿಚಯದ ತೋಟದ ಮನೆ, ಹೋಂಸ್ಟೇ ಮುಂದಿನ ಜಾಗ. ಅಲ್ಲಿ ಊಟ ಮಾಡಿದರೆ ಜಾಗಕ್ಕೆ ದುಡ್ಡು ಬೇಡ ಅನ್ನುವವರೇ ಹೆಚ್ಚು.

ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇವೆ. ಕಳೆದ ಪ್ರವಾಸದ ಪುಟದಲ್ಲಿ ಹೀಗಿದೆ: ‘ಸಕಲೇಶಪುರ, ಬೇಲೂರು, ಹಳೇಬೀಡು. 4 ರಾತ್ರಿ. 540 ಕಿ.ಮೀ. 35.6 ಲೀಟರ್. ಲೀಟರಿಗೆ 15.2. ಒಟ್ಟು 3,667 ರೂ. ರಾತ್ರಿಗೆ 917.’ ಅದರ ಕೆಳಗೆ ನನ್ನ ಹೆಂಡತಿ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ: ‘ಬೇಲೂರಿನಲ್ಲಿ ನಿಲ್ಲಿಸಿದಾಗ ಎಡ ಹಿಂದಿನ ಚಕ್ರ ಉಳಿದವಕ್ಕಿಂತ ಬಿಸಿ ಇತ್ತು. ಮುಂದಿನ ವಾರ ಜಾಕ್ ಹಾಕಿ ನೋಡಬೇಕು.’